ಅಕ್ಕನ ಕೈ ಮತ್ತು ಚೀನಾದ ರೊಟ್ಟಿ ಮಷೀನು

ಯಾವ ಸಾಮಾನು ಕೈಗೆ ಬಂದರೂ ಮೊದಲು ತಿರುಗಿಸಿ, ಎಲ್ಲಿ ತಯಾರಾದದ್ದು ಎಂದು ನೋಡುವುದು ನನ್ನ ಹಳೆಯ ಚಾಳಿ. ಇವತ್ತು ಬೆಳಿಗ್ಗೆ ಸೇಡಂ ರಸ್ತೆಯ ಅಂಗಡಿಯಲ್ಲಿ ಖಡಕ್ ರೊಟ್ಟಿಯ ಕಟ್ಟು ಎತ್ತಿಕೊಂಡೆ. ಸುಟ್ಟ ಜೋಳದ ವಾಸನೆ ಘಮ್ಮೆಂದಿತು. ಕೈ ತಾನಾಗಿ ಕಟ್ಟನ್ನು ತಿರುಗಿಸಿತು.

"ರೊಟ್ಟೀನೂ ಚೀನಾದಿಂದ ಬರ್ತಾವೇನ್ರಿ ಸರ?" ಎಂದು ಅಂಗಡಿಯವ ನಕ್ಕ. ಅವನಿಗೇನು ಗೊತ್ತು, ರೊಟ್ಟಿಗೂ ಚೀನಾದ ಕಡೆ ಕೈ ಚಾಚಿದ್ದವನು ನಾನು.

ಕಮಲಾಪುರದ ಶಾಲೆಯಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತನಾದ ಮಾಸ್ತರ ನಾನು. ಚೀನಾ ಎಂದರೆ ನನಗೆ ಸಿಟ್ಟೂ ಹೌದು, ಹೊಟ್ಟೆಕಿಚ್ಚೂ ಹೌದು. ಗಡಿಯಲ್ಲಿ ಗದ್ದಲವೆಂಬ ಸುದ್ದಿ ಬಂದಾಗ ಚಹಾದ ಅಂಗಡಿಯಲ್ಲಿ ಮೇಜು ಗುದ್ದಿ ಬೈದಿದ್ದೇನೆ. ಸುದ್ದಿ ಓದಿದ್ದು ಮಾತ್ರ ಅವರದೇ ಫೋನಿನಲ್ಲಿ. ನೀವೂ ಬೈದಿರುತ್ತೀರಿ, ಸುಳ್ಳು ಹೇಳಬೇಡಿ. ಮರುಗಳಿಗೆಯೇ ಅವರ ರೈಲು, ಸೇತುವೆಗಳ ವಿಡಿಯೋ ನೋಡುತ್ತಾ, ನಾವು ಇವರ ಸಮ ಆಗುವುದು ಯಾವ ಜನ್ಮದಲ್ಲೋ ಎಂದು ನಿಟ್ಟುಸಿರು ಬಿಟ್ಟಿರುತ್ತೀರಿ. ನನ್ನ ದೇಶಾಭಿಮಾನವೂ ಇಂಥದ್ದೇ.

ನನ್ನ ಅಕ್ಕ ಶಾಂತಕ್ಕ ಇರುವುದು ಮಹಾಗಾಂವದಲ್ಲಿ. ಏಳು ಹೆಂಗಸರನ್ನು ಕೂಡಿಸಿಕೊಂಡು ರೊಟ್ಟಿ ಸಂಘ ನಡೆಸುತ್ತಾಳೆ. ವರ್ಷಗಟ್ಟಲೆ ರೊಟ್ಟಿ ಬಡಿದು ಬಡಿದು ಅವಳ ಬಲಭುಜ ಹಿಡಿದುಕೊಂಡಿತು. ಇನ್ನು ರೊಟ್ಟಿ ಬಡಿದರೆ ಕೈ ಮೇಲೇಳುವುದಿಲ್ಲ ಎಂದರು ಡಾಕ್ಟರು. ದವಾಖಾನೆಯ ಹೊರಗೆ ಅಕ್ಕ ಸೆರಗು ಬಾಯಿಗೆ ಹಿಡಿದು ನಿಂತುಬಿಟ್ಟಳು.

"ನಾ ಬಿಟ್ರ ಸಂಘ ಮುಚ್ಚತದ ತಮ್ಮಾ. ಉಳಿದವರ ಕೈನೂ ನೋಯ್ಲಾಕತ್ತಾವ."

ಮಷೀನು ತರಿಸೋಣ ಎಂದವನು ನಾನೇ. ಫೋನಿನಲ್ಲಿ ಹುಡುಕಿ, ಕೊನೆಗೆ ತರಿಸಿದ್ದು ಚೀನಾದ್ದೇ. ಅದರ ಜೊತೆ ಒಂದು ಚಿತ್ರಪುಸ್ತಕ ಬಂತು: ಹಿಟ್ಟು, ತಣ್ಣೀರು, ಉಂಡೆ, ಒತ್ತು. ನಾನು ಕನ್ನಡಕ ಏರಿಸಿ ಹೆಂಗಸರಿಗೆ ಪಾಠ ಶುರು ಮಾಡಿದೆ.

"ಜ್ವಾಳದ ಹಿಟ್ಟಿಗಿ ಕುದಿಯೋ ನೀರು ಬೇಕಲ್ಲೋ" ಎಂದಳು ಅಕ್ಕ.

"ಮಷೀನು ಮಾಡಿದವರಿಗಿಂತ ನಿನಗ ಹೆಚ್ಚು ಗೊತ್ತೇನು?" ಎಂದೆ.

ಮೇಜು ಗುದ್ದಿ ಬೈದ ಬಾಯಿಯಿಂದಲೇ ಬಂದ ಮಾತಿದು. ಈಗ ನೆನೆದರೂ ನಾಚಿಕೆಯಾಗುತ್ತದೆ. ಜೋಳಕ್ಕೆ ಗೋಧಿಯ ಜಿಗುಟಿಲ್ಲ, ಬಿಸಿನೀರು ಬಿದ್ದರೇನೇ ಅದು ಕೂಡಿಕೊಳ್ಳುವುದು ಎಂಬುದು ಊರಿನ ಎಲ್ಲರಿಗೂ ಗೊತ್ತಿತ್ತು, ವಿಜ್ಞಾನದ ಮಾಸ್ತರನೊಬ್ಬನನ್ನು ಬಿಟ್ಟು. ಮಷೀನಿನ ತಟ್ಟೆ ಧಡ್ಡೆಂದು ಬಿತ್ತು, ರೊಟ್ಟಿ ಪುಡಿಪುಡಿ. ಅಂದು ಅಂಗಳದ ಕೋಳಿಗಳಿಗೆ ಹಬ್ಬ.

ಅಕ್ಕ ನೀರು ಕಾಯಿಸಿ ಹಿಟ್ಟು ನಾದಿದಳು. ಈಗ ರೊಟ್ಟಿ ನಿಂತಿತು, ಆದರೆ ಅಂಚೆಲ್ಲ ಸೀಳು. ಅವಳು ಮಷೀನಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದಳು.

"ಇದು ಒಮ್ಮೆಲೇ ಗುದ್ದತದ. ನಾವು ತಿರುವಿಕೋತ ಸಣ್ಣಗ ಬಡೀತೀವಿ. ಅದಕ್ಕ ಒಡೀಲಾಕತ್ತಾವ."

ಮರುದಿನ ಮಷೀನನ್ನು ಟೆಂಪೋದಲ್ಲಿ ಹಾಕಿಕೊಂಡು ಗಾಜಿಪುರದ ಲೇತ್ ಅಂಗಡಿಗೆ ಹೋದೆವು. ಮಾಲೀಕ ಖಾದರಭಾಯಿ ಮಷೀನನ್ನು ಮುಟ್ಟಲೇ ಇಲ್ಲ. ಕಬ್ಬಿಣದ ಮೇಜು ಒರೆಸಿ, ನಾವು ತಂದಿದ್ದ ಹಿಟ್ಟಿನ ಉಂಡೆಯನ್ನು ಅಕ್ಕನ ಮುಂದೆ ಇಟ್ಟರು.

"ಬಡೀರಿ ಅಕ್ಕಾ. ಆಹಿಸ್ತಾ, ಸಾವಕಾಶ. ನಾ ನೋಡ್ಬೇಕು."

ಅಕ್ಕ ನೋಯುವ ಕೈಯಲ್ಲೇ ಬಡಿದಳು. ಖಾದರಭಾಯಿ ಪಕ್ಕದಲ್ಲಿ ಬೆರಳಿನಿಂದ ತಾಳ ಹಾಕುತ್ತಾ ಏಟು ಎಣಿಸಿದರು. ಮೂರು ವಾರ ಮಷೀನು ಬಿಚ್ಚಿದರು, ಕಟ್ಟಿದರು, ಮತ್ತೆ ಬಿಚ್ಚಿದರು. ಕೊನೆಗೆ ಕೆಳಗಿನ ತಟ್ಟೆ ತಿರುಗತೊಡಗಿತು. ಮೇಲಿನಿಂದ ಬಟ್ಟೆ ಸುತ್ತಿದ ಕಟ್ಟಿಗೆಯ ಅಂಗೈಯೊಂದು ಟಪಟಪ ಬಡಿಯತೊಡಗಿತು. ಮಹಾಗಾಂವಕ್ಕೆ ತಂದು ನಡೆಸಿದಾಗ ರೊಟ್ಟಿ ತೆಳ್ಳಗೆ ಹರಡಿತು. ಅಕ್ಕ ಅಂಚಿನ ಸುತ್ತ ಬೆರಳಾಡಿಸಿದಳು, ಒಂದೂ ಸೀಳಿಲ್ಲ. ಹಂಚಿನ ಮೇಲೆ ಅದು ಉಬ್ಬಿದಾಗ ಏಳೂ ಹೆಂಗಸರು ಹೋ ಎಂದು ಕೂಗಿದರು. ನಾನೂ ಕೂಗಿದೆ, ಕಣ್ಣಲ್ಲಿ ನೀರು ಬಂದದ್ದನ್ನು ಹೊಗೆಯ ಮೇಲೆ ಹಾಕಿದೆ.

ಮಷೀನು ಮಾರಿದ ಚೀನಾದವನಿಗೆ ಸೊಕ್ಕಿನಿಂದಲೇ ವಿಡಿಯೋ ಕಳಿಸಿದೆ. ಉತ್ತರ ಬಂತು: ಬಹಳ ಚೆನ್ನಾಗಿದೆ, ಹೇಗೆ ಮಾಡಿದಿರಿ, ನಮಗೂ ಹೇಳಿಕೊಡುತ್ತೀರಾ?

"ಹೇಳೋದು ಬ್ಯಾಡ! ನಕಲು ಮಾಡ್ತಾರ" ಎಂದು ಹಾರಾಡಿದೆ.

"ಅವರ ಮಷೀನು ಬಿಚ್ಚಿ ನಾವೇನು ಮಾಡೀವಿ ಮತ್ತ?" ಎಂದಳು ಅಕ್ಕ. "ಮಹಾಗಾಂವಕ್ಕ ಬರ್ರಿ ಅನ್ನು. ಮೊದಲು ಕೈಲೆ ಬಡಿಯೋದು ಕಲಿಸ್ತೀನಿ. ಅದು ಬಂದ ಮ್ಯಾಲ ಮಷೀನು."

ಅಷ್ಟು ವರ್ಷ ಮೇಜು ಗುದ್ದಿದರೂ ನನಗೆ ಸಿಗದ ಗತ್ತು ಅವಳಿಗೆ ಕೂತಲ್ಲೇ ಸಿಕ್ಕಿತ್ತು.

ಎರಡನೆಯ ಮಷೀನನ್ನು ಖಾದರಭಾಯಿ ಮೊಳೆಯಿಂದ ಮೋಟಾರಿನ ಕವಚದವರೆಗೆ ಗಾಜಿಪುರದಲ್ಲೇ ಕಟ್ಟಿದರು. ಅಕ್ಕನ ಭುಜ ಈಗ ತಲೆ ಬಾಚಿಕೊಳ್ಳುವಷ್ಟು ಎದ್ದಿದೆ. ಸಂಘದಲ್ಲಿ ಹನ್ನೆರಡು ಮಂದಿ ಇದ್ದಾರೆ.

"ಏನು ಬರದಾದ್ರಿ ಅದರ ಮ್ಯಾಲ?" ಎಂದ ಅಂಗಡಿಯವ, ನಾನಿನ್ನೂ ಕಟ್ಟು ತಿರುಗಿಸಿ ಹಿಡಿದು ನಿಂತದ್ದನ್ನು ನೋಡಿ.

ಮೊದಲೆಲ್ಲ ತಪ್ಪು ಹಿಡಿಯಲು ಸಾಮಾನು ತಿರುಗಿಸುತ್ತಿದ್ದೆ. ಇಂದು ಕನ್ನಡಕ ಸರಿಮಾಡಿಕೊಂಡು, ಅಂಗಡಿಯಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಓದಿದೆ: "ಮಹಾಗಾಂವ!"