ಟೋಪಿ ಹಾಕಿದ ಅಡಿಕೆ

ಕಳೆದ ವರ್ಷದ ಕಾರ್ತಿಕ ಮಾಸ. ಶಂಕರಪುರಂನ ನಮ್ಮ ಮನೆಯ ಅಡುಗೆಮನೆ, ದೇವರಮನೆ ಎರಡೂ ನನ್ನ ಸುಪರ್ದಿಗೆ ಬಂದು ಇಪ್ಪತ್ತೆಂಟು ವರ್ಷವಾಗಿತ್ತು. ಈ ಕೆಲಸಕ್ಕೆ ನಿವೃತ್ತಿಯಿಲ್ಲ. ಕೈಕಾಲು ಆಡುತ್ತಿವೆ, ದೇವರು ದೊಡ್ಡವನು.

ಮಹಡಿಯಲ್ಲಿರುವ ನನ್ನ ವಾರಗಿತ್ತಿ ಸುಮಾ ಆಗಷ್ಟೇ ಕೇದಾರಕ್ಕೆ ಹೋಗಿಬಂದಿದ್ದಳು. ಹೋಗಬೇಕಿದ್ದವರು ಇಬ್ಬರೂ. ಹೊರಡುವ ವಾರ ಅತ್ತೆ ಜಾರಿಬಿದ್ದರು. ಮೂಳೆ ಮುರಿಯಲಿಲ್ಲ, ಅದೇ ಪುಣ್ಯ. ಆದರೆ ಒಬ್ಬರು ಉಳಿಯಬೇಕಾಯಿತು. ಉಳಿದವಳು ನಾನು.

ಸುಮಾ ನನಗೆ ಗಂಗಾಜಲ ತಂದಳು, ತನಗೆ ಐದು ಓಕ್ ಬೀಜ. ಥೇಟ್ ಅಡಿಕೆಯ ಗಾತ್ರ, ತಲೆಗೊಂದು ಟೋಪಿ.

"ಆ ಕಾಡು ನೀವು ನೋಡ್ಬೇಕಿತ್ತು ಅಕ್ಕಾ. ಓಕು, ಪೈನು, ಕೆಂಪು ಹೂವಿನ ಮರ ಎಲ್ಲಾ ಒಟ್ಟೊಟ್ಟಿಗೆ. ಓಕ್ ಇರೋ ಕಡೆ ಒರತೆ ಬತ್ತಲ್ವಂತೆ." ಆಮೇಲೆ ನಮ್ಮ ಬೀದಿಯ ಸಿಲ್ವರ್ ಓಕ್ ಕಡೆ ಕೈ ತೋರಿಸಿ, "ಇದು ಓಕೇ ಅಲ್ವಂತೆ!" ಎಂದಳು.

ಇಷ್ಟು ವರ್ಷ ಎಲ್ಲರಿಗೂ 'ಓಕ್ ಮರದ ಎದುರು ಮನೆ' ಎಂದು ಗುರುತು ಹೇಳಿದವಳು ನಾನು. ಕೇದಾರವೂ ಅವಳದು, ಓಕೂ ಅವಳದೇ. ಹೊಟ್ಟೆ ಉರಿಯಿತು.

ಒಣಗಿದರೆ ಮೊಳೆಯುವುದಿಲ್ಲವೆಂದು ಬೀಜಗಳನ್ನು ಒದ್ದೆಬಟ್ಟೆಯಲ್ಲಿ ಸುತ್ತಿ ನನ್ನ ಫ್ರಿಜ್ಜಿನಲ್ಲೇ ಇಟ್ಟಳು. ಶುಕ್ರವಾರ ಅರಿಶಿನ ಕುಂಕುಮಕ್ಕೆ ಐವರು ಮುತ್ತೈದೆಯರು ಬಂದರು. ಅಡಿಕೆ ಮುಗಿದಿತ್ತು. ಅಂಗಡಿ ನಾಲ್ಕು ಹೆಜ್ಜೆ. ನಾನು ಫ್ರಿಜ್ ತೆಗೆದೆ. ನಾಲ್ಕರ ಟೋಪಿ ಕಿತ್ತೆ, ಐದನೆಯದರ ಟೋಪಿ ಮಾತ್ರ ಕಳಚಿ ಬರಲಿಲ್ಲ. ಐದನ್ನೂ ವೀಳ್ಯದೆಲೆಯಲ್ಲಿ ಮುಚ್ಚಿ ಕೊಟ್ಟೆ.

ಸಂಜೆ ಪಕ್ಕದ ಮನೆ ಪದ್ಮಮ್ಮ ಆ ಟೋಪಿಯದನ್ನೇ ಹಿಡಿದುಕೊಂಡು ಗೇಟಿಗೇ ಬಂದರು. "ಏನ್ರೀ ಸಾವಿತ್ರಿ, ದೇವ್ರ ಹೆಸ್ರಲ್ಲಿ ನಮಗೇ ಟೋಪಿ ಹಾಕ್ತೀರಾ?"

ಸುಮಾ ಇಳಿದು ಓಡಿಬಂದಳು. "ಅಯ್ಯೋ, ನನ್ ಬೀಜ! ಗೊತ್ತಾಗ್ಲಿಲ್ವಾ ಅಕ್ಕಾ?"

"ಕನ್ನಡಕ ಹಾಕಿರ್ಲಿಲ್ಲ ಕಣೆ."

ಅವಳು ಪದ್ಮಮ್ಮನ ಕೈಯಿಂದ ಬೀಜ ತೆಗೆದುಕೊಂಡು ಮೇಲೆ ಹೋದಳು. ಎರಡು ದಿನ ಕೆಳಗಿಳಿಯಲಿಲ್ಲ. ದೀಪ ಹಚ್ಚುವಾಗ ದೇವಿಯ ಮುಖ ನೋಡಲು ನನಗಾಗಲಿಲ್ಲ.

ಕೊಟ್ಟ ತಾಂಬೂಲ ವಾಪಸ್ ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಕೇಳಿದೆ. ಹೊಸ ಅಡಿಕೆ ಹಿಡಿದು ಉಳಿದ ನಾಲ್ಕೂ ಮನೆಗೆ ಹೋಗಿ, ಗೊತ್ತಿದ್ದೇ ಹಾಗೆ ಮಾಡಿದೆ ಎಂದೆ. ಎರಡು ಅಡಕತ್ತರಿಗೆ ಸಿಕ್ಕಿ ಹೋಳಾಗಿದ್ದವು, ಒಂದು ಕಸದ ಗಾಡಿಗೆ ಹೋಗಿತ್ತು. ಒಂದು ಸಿಕ್ಕಿತು. ಅಷ್ಟಾದರೂ ಸಿಕ್ಕಿತಲ್ಲ.

"ಕನ್ನಡಕ ಹಾಕಿದ್ದೆ ಸುಮಾ," ಎಂದು ಅವಳ ಕೈಗಿಟ್ಟೆ.

"ಗೊತ್ತು. ಸುಳ್ಳು ಹೇಳೋವಾಗ್ಲೂ ಮೂಗಿನ್ ಮೇಲೇ ಇತ್ತು."

ಅವಳು ಕುಂಡದಲ್ಲಿ ನೆಟ್ಟ ಎರಡರಲ್ಲಿ ಒಂದು ಮೊಳೆಯಿತು. ಬೆಂಗಳೂರಿನ ಬಿಸಿಲು ತಾಳುತ್ತದೋ ಇಲ್ಲವೋ, ಈಗಂತೂ ನಾಲ್ಕೆಲೆ.

ಮನೆವಾರ್ತೆ ನನಗೆ ಕಲಿಸಿದ್ದಿಷ್ಟು: ಹೊಟ್ಟೆಯಲ್ಲಿ ಏನೇ ಉರಿಯಲಿ, ಅದು ದೇವರ ತಟ್ಟೆಗೆ ಬರಕೂಡದು. ಉರಿ ಆರಿತು ಎಂದರೆ ಮತ್ತೊಂದು ಸುಳ್ಳಾದೀತು. ಹೋದ ವಾರ ತವರಿಗೆ ಹೊರಟಾಗ ಸುಮಾ ಆ ಕುಂಡವನ್ನು ಪದ್ಮಮ್ಮನ ಮನೆಯಲ್ಲಿ ಬಿಟ್ಟುಹೋದಳು. ಈಗ ನನಗೆ ಪದ್ಮಮ್ಮನ ಮೇಲೂ ಹೊಟ್ಟೆಕಿಚ್ಚು.