ಪಾಕದ ಮೇಸ್ತ್ರಿಯ ಮನೆಯಲ್ಲಿ ಸತ್ತ ಇಲಿ

ಪೆಪ್ಪರ್‌ಮೆಂಟು ಮಾಡುವ ಆ ಸಣ್ಣ ಕಾರ್ಖಾನೆಯಲ್ಲಿ ಪಾಕದ ಮೇಸ್ತ್ರಿಗೆ ಬೆನ್ನ ಹಿಂದೆ ಇದ್ದ ಹೆಸರು ಥೂ ಮೇಸ್ತ್ರಿ. ಸುಮ್ಮನೆ ಇಟ್ಟದ್ದಲ್ಲ. ಬೆಳಿಗ್ಗೆ ಒಳಗೆ ಕಾಲಿಟ್ಟರೆ, “ಥೂ, ಯಾವನೋ ಇಲ್ಲಿ ಮೂಗು ಸೀಟಿದೋನು?” ಊಟದ ಹೊತ್ತಿಗೆ ಪಕ್ಕದವನು ಡಬ್ಬಿ ತೆಗೆದರೆ, “ಥೂ, ಮುಚ್ಚೋ ಅದನ್ನ!” ಕೆಮ್ಮಿದರೆ ಥೂ, ಬೆವರಿದರೆ ಥೂ, ಆಕಳಿಸಿದರೂ ಥೂ. ಬಾಯಲ್ಲಿ ಇಷ್ಟು ಸಲ ಅಂದರೂ ಆ ಮನುಷ್ಯ ನಿಜಕ್ಕೂ ಉಗುಳಿದ್ದನ್ನು ಕಂಡವರಿಲ್ಲ. ಉಗುಳುವುದು ಅಂದರೆ ಅವನಿಗೆ ಮೈಯೆಲ್ಲ ಮುಳ್ಳು. ಗೋಡೆ ಮೂಲೆಯಲ್ಲಿ ಉಗುಳಿದ ಒಬ್ಬನನ್ನು ಹಿಡಿದು, ಅವನ ಅಂಗಿಯಿಂದಲೇ ಗೋಡೆ ಒರೆಸಿಸಿದ್ದ.

ಕೆಲಸದಲ್ಲಿ ಮಾತ್ರ ಎತ್ತಿದ ಕೈ. ತಾಮ್ರದ ಕೊಪ್ಪರಿಗೆಯಲ್ಲಿ ಸಕ್ಕರೆ ಪಾಕ ಕುದಿಯುತ್ತಿದ್ದರೆ ಕಡ್ಡಿ ಅದ್ದಿ ತೆಗೆದು, ತಣ್ಣೀರಿಗೆ ಬಿಟ್ಟು, ಗಟ್ಟಿಯಾದ ಚೂರನ್ನು ಹಲ್ಲಿಗಿಟ್ಟು ಕಡಿಯುತ್ತಿದ್ದ. ಹಲ್ಲಿಗೆ ಅಂಟಿದರೆ ಇನ್ನೂ ಕುದಿಯಬೇಕು, ಕಟ್ ಅಂತ ಒಡೆದರೆ ಇಳಿಸಬೇಕು. ಹುಳಿ ಹಾಕಿದ ಮೇಲೆ ಇನ್ನೊಂದು ಚೂರು, ಬಣ್ಣ ಸೇರಿಸಿ ನಾದಿದ ಮೇಲೆ ಮತ್ತೊಂದು. ಮಾಲೀಕ ಶಾಖ ನೋಡುವ ಗಾಜಿನ ಕಡ್ಡಿಯೊಂದನ್ನು ತಂದುಕೊಟ್ಟಿದ್ದ. ಅದು ಮೊಳೆಗೆ ನೇತುಬಿದ್ದು ಧೂಳು ತಿನ್ನುತ್ತಿತ್ತು. “ಗಾಜಿಗೆ ಏನ್ರೀ ಗೊತ್ತು, ಹಲ್ಲಿಗೆ ಗೊತ್ತು” ಅನ್ನುತ್ತಿದ್ದ. ಅಂಥವನಿಗೆ ಸಿಹಿ ಕಂಡರೆ ವಾಕರಿಕೆ. ಟೀಗೂ ಸಕ್ಕರೆ ಬೇಡ.

ಇನ್ನು ಲೋಕದಲ್ಲೇ ಅತಿ ಹೊಲಸು ಯಾವುದು ಅಂದರೆ ಪಾದ. ಬೇರೆಯವರದ್ದು ಬಿಡಿ, ಅವನದೂ ಅಷ್ಟೇ. ಸ್ನಾನದಲ್ಲಿ ಒಂದು ಕಾಲನ್ನು ಇನ್ನೊಂದರಿಂದ ಉಜ್ಜಿ ನೀರು ಸುರಿದುಕೊಂಡರೆ ಮುಗಿಯಿತು, ಕೈ ಮುಟ್ಟಿಸುವ ಮಾತೇ ಇಲ್ಲ. ಮನೆಯೊಳಗೂ ಕಾಲುಚೀಲ. ಮದುವೆಯಾಗಿ ಇಷ್ಟು ವರ್ಷವಾದರೂ ಗಂಡನ ಅಂಗಾಲು ಹೇಗಿದೆ ಅಂತ ಹೆಂಡತಿ ಕಂಡಿರಲಿಲ್ಲ.

ಮೈ ಪಾಪ, ಬಹಳ ದಿನದಿಂದ ಕೂಗಿ ಕೂಗಿ ಹೇಳುತ್ತಿತ್ತು. ಆದರೆ ಈ ಕಸುಬಿನವರ ಹತ್ತಿರ ಎಲ್ಲದಕ್ಕೂ ಉತ್ತರ ಸಿದ್ಧ. ಎಷ್ಟು ನೀರು ಕುಡಿದರೂ ದಾಹ ಆರುತ್ತಿರಲಿಲ್ಲ. ಒಲೆ ಮುಂದೆ ನಿಂತವನಿಗೆ ದಾಹ ಆಗದೆ ಇನ್ನೇನು? ಪ್ಯಾಂಟು ಜಾರುತ್ತಿತ್ತು. ಬೆಂಕಿ ಮುಂದೆ ಯಾರಾದರೂ ಕೊಬ್ಬುತ್ತಾರಾ? ಗಳಿಗೆಗೊಮ್ಮೆ ಬಚ್ಚಲಿಗೆ ಓಡುತ್ತಿದ್ದ. ಅಷ್ಟು ನೀರು ಕುಡಿದ ಮೇಲೆ ಓಡಲೇಬೇಕಲ್ಲ. ಅವನು ಹೋಗಿಬಂದ ಬಚ್ಚಲಲ್ಲಿ ಇರುವೆ ಸಾಲುಗಟ್ಟಿದವು. “ಬಟ್ಟೆ ತುಂಬ ಸಕ್ಕರೆ ಪುಡಿ ಹೊತ್ಕೊಂಡು ಬರ್ತೀನಿ, ಇರುವೆ ಬರದೆ ಆನೆ ಬರುತ್ತಾ?” ಅಂದ. ಕಾಲುಚೀಲದ ತುದಿಯಲ್ಲಿ ಹಳದಿ ಕೆಂಪು ಕಲೆ ಕಂಡಾಗ ಹೆಂಡತಿಯೂ ಮೋಸಹೋದಳು. ಕಾರ್ಖಾನೆಯ ಬಣ್ಣ, ಇನ್ನೇನು ಅಂತ ಸೋಪು ತಿಕ್ಕಿ ಹಿಂಡಿ ಒಣಗಹಾಕಿದಳು.

ಆಮೇಲೆ ಶುರುವಾಯಿತು ನಾತ.

“ಇಲಿ ಸತ್ತಿದೆ ಕಣೇ,” ಅಂದ ಮೇಸ್ತ್ರಿ, ಕರವಸ್ತ್ರ ಮೂಗಿಗೆ ಒತ್ತಿಕೊಂಡು. “ಮನೆ ಇಟ್ಕೊಳ್ಳೋ ರೀತೀನಾ ಇದು?” ಹೆಂಡತಿ ಅಟ್ಟದ ಸಾಮಾನೆಲ್ಲ ಇಳಿಸಿದಳು, ಟ್ರಂಕು ಎಳೆದಳು, ಹಾಸಿಗೆಗಳನ್ನೆಲ್ಲ ಬಿಸಿಲಿಗೆ ಹಾಕಿದಳು. ಮೂಲೆಮೂಲೆಗೂ ಬಿಸಿನೀರು ಹಾಕಿ ತಿಕ್ಕಿದಳು. ಇಲಿಯ ಬಾಲವೂ ಸಿಗಲಿಲ್ಲ. ಅವನು ತಟ್ಟೆ ಹಿಡಿದು ಬಾಗಿಲ ಮೆಟ್ಟಿಲ ಮೇಲೆ ಕೂತು ಉಣ್ಣತೊಡಗಿದ. ಅಲ್ಲಿಗೂ ಬಂತು ನಾತ.

ಒಂದು ಸಂಜೆ ಅವಳು ಊಟ ಬಡಿಸಲು ಬಗ್ಗಿದಾಗ ಅವಳ ಭುಜದ ಹತ್ತಿರ ಮೂಗು ತಂದು, ಎರಡು ಸಲ ಮೂಸಿದ. “ಇಲಿ ಅಲ್ಲ. ನೀನೇ. ನಿನ್ನ ಒಳಗೇ ಏನೋ ಕೊಳೆತಿದೆ. ಹೋಗಿ ಸ್ನಾನ ಮಾಡು, ಥೂ.” ಅಂದು, ತನ್ನ ಹಾಸಿಗೆ ಸುತ್ತಿಕೊಂಡು ಮುಂದಿನ ಕೋಣೆಗೆ ಹೋದ.

ಅವಳು ಆಗಲೇ ಸ್ನಾನ ಮಾಡಿದಳು. ಬೆಳಿಗ್ಗೆ ಮತ್ತೆ ಮಾಡಿದಳು. ತರಕಾರಿ ಅಂಗಡಿಯಲ್ಲಿ ಜನರಿಂದ ದೂರ ನಿಂತು, ಸೆರಗನ್ನು ಮೂಗಿಗೆ ತಂದು ನೋಡಿಕೊಂಡಳು. ಅದು ಜೊತೆಗೆ ಹೋಗಿದ್ದ ಅವನ ಕಣ್ಣಿಗೆ ಬೀಳದೆ ಇರಲಿಲ್ಲ. ಈಗಲಾದರೂ ಬುದ್ಧಿ ಬಂತಲ್ಲ ಅಂದುಕೊಂಡ. ನಿನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ ಅಂತ ಬಯ್ಯಬೇಕು ಅನ್ನಿಸುತ್ತದೆ. ಆದರೆ ಬಯ್ಯಬೇಕಾದವಳು ಬಯ್ಯಲಿಲ್ಲ.

ರಜಾ ದಿನ ಕೊನೆಯ ಸಲ ಅಂತ ಮನೆ ಜಾಲಾಡಿದರು. ಜಾಲಾಡಿದ್ದು ಅವಳು, ಅವನು ಕುರ್ಚಿಯಲ್ಲಿ ಕೂತು ಬೆರಳು ತೋರಿಸುತ್ತಿದ್ದ. ಪೊರಕೆ ಹಿಡಿದು ಕುರ್ಚಿ ಕೆಳಗೆ ತೂರಿದವಳು, “ಇಲ್ಲೇ ರೀ, ಇಲ್ಲಿ ಜಾಸ್ತಿ ಇದೆ” ಅಂದಳು.

“ಹೇಳ್ಲಿಲ್ವಾ ನಾನು?” ಅಂತ ಎದ್ದು ಅವನು ಕಿಟಕಿ ಪಕ್ಕದ ಸ್ಟೂಲಿಗೆ ಹೋದ. ನಾತವೂ ಎದ್ದು ಅವನ ಹಿಂದೆಯೇ ಹೋಯಿತು. ಅವಳು ಮಂಡಿಯೂರಿಕೊಂಡೇ ಅಲ್ಲಿಗೆ ಸರಿದು ಮೂಸಿದಳು. ಆಮೇಲೆ ಅವನ ಎಡಗಾಲು ಹಿಡಿದು ಕಾಲುಚೀಲ ಎಳೆದಳು. ಅದು ಸುಲಭಕ್ಕೆ ಬರಲಿಲ್ಲ. ಬಂದಾಗ ಒಂದಿಷ್ಟು ಚರ್ಮವೂ ಜೊತೆಗೇ ಬಂತು.

ಕಿರುಬೆರಳ ಬುಡದಲ್ಲಿ ಒಂದು ತೂತು. ಅಂಚು ಕಪ್ಪು, ಒಳಗೆ ಹಳದಿ ಕೀವು. ಹೆಂಡತಿ ಪಕ್ಕದಲ್ಲಿ ಒತ್ತಿ, “ನೋವಾ?” ಅಂದಳು.

“ಎಲ್ಲಿ?” ಅಂದ ಮೇಸ್ತ್ರಿ. ಬಗ್ಗಿ ನೋಡಿದ. ನೋಡಿದವನು ಅಲ್ಲೇ ಕಿಟಕಿ ಪಕ್ಕ ವಾಂತಿ ಮಾಡಿಕೊಂಡ. ಅದನ್ನೂ ಅವಳೇ ಬಳಿದಳು.

ಬೀದಿ ಕೊನೆಯ ಆರೋಗ್ಯ ಕೇಂದ್ರದ ಡಾಕ್ಟರಮ್ಮ ಸ್ಟೂಲು ಎಳೆದು ಕೂತು, ಕಾಲನ್ನು ಸೀದಾ ತನ್ನ ತೊಡೆಯ ಮೇಲಿಟ್ಟುಕೊಂಡಳು. ಮೇಸ್ತ್ರಿ ಕಿತ್ತುಕೊಳ್ಳಲು ನೋಡಿದ.

“ಮುಟ್ಟಬೇಡಿ ಡಾಕ್ಟ್ರಮ್ಮ, ಹೊಲಸು.”

“ಹೊಲಸು ನೋಡೋಕೇ ನಂಗೆ ಸಂಬಳ ಕೊಡೋದು. ಕಣ್ಣು ಮುಚ್ಚಿ. ಈ ದಾರದಿಂದ ಅಲ್ಲಲ್ಲಿ ಮುಟ್ತೀನಿ, ಮುಟ್ಟಿದಾಗ ಹೇಳಿ.”

ಅವನು ಕಣ್ಣು ಮುಚ್ಚಿ ಕಾದ. ಕಾದು ಕಾದು ಬೇಜಾರಾಗಿ, “ಯಾವಾಗ ಶುರು ಮಾಡ್ತೀರಿ?” ಅಂದ.

“ಮುಗೀತು,” ಅಂದಳು ಡಾಕ್ಟರಮ್ಮ.

ಬೆರಳು ಚುಚ್ಚಿ ರಕ್ತ ನೋಡಿದಳು. ಸಕ್ಕರೆ ಕಾಯಿಲೆ. ಇವತ್ತು ನಿನ್ನೆಯದಲ್ಲ, ಕಾಲಿನ ನರಗಳನ್ನೇ ತಿಂದುಹಾಕುವಷ್ಟು ಹಳೆಯದು. ಏನೋ ಹರಿತವಾದದ್ದು ಬೂಟಿನೊಳಗೆ ಹೋಗಿ ಚುಚ್ಚಿದೆ, ಗೊತ್ತೇ ಆಗಿಲ್ಲ ಅಂದಳು. ಮೇಸ್ತ್ರಿಗೆ ತಕ್ಷಣ ಹೊಳೆಯಿತು. ಒಡೆದ ಪೆಪ್ಪರ್‌ಮೆಂಟಿನ ಚೂರು ಗಾಜಿಗಿಂತ ಹರಿತ, ನೆಲದ ತುಂಬ ಬಿದ್ದಿರುತ್ತದೆ. ಚುಚ್ಚಿ, ಗಾಯದಲ್ಲೇ ಕರಗಿಹೋಗಿರಬೇಕು.

“ನಂಗೆ ಸಕ್ಕರೆ ಕಾಯಿಲೆಯಾ? ಸಿಹಿ ಕಂಡ್ರೆ ವಾಕರಿಕೆ ಬರುತ್ತಮ್ಮ ನಂಗೆ!”

“ಕಾಯಿಲೆ ಬರೋಕೆ ಸಿಹಿ ತಿಂದಿರಲೇಬೇಕು ಅಂತೇನಿಲ್ಲ. ಆದ್ರೆ ಬಂದ ಮೇಲೆ ತಿನ್ನೋ ಹಾಗಿಲ್ಲ. ಬೆರಳಿಗೆ ನಾನು ಮಾತು ಕೊಡಲ್ಲ. ಶುಗರ್ ಇಳಿದ್ರೆ ಪಾದ ಉಳಿಯುತ್ತೆ. ಇಳೀದಿದ್ರೆ ಅದೂ ಹೋಗುತ್ತೆ, ತಿಳ್ಕೊಳ್ಳಿ.”

ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟಳು. ಅಲ್ಲಿ ಕಿರುಬೆರಳು ಹೋಯಿತು. ಡ್ರೆಸ್ಸಿಂಗಿಗೆ, ಮಾತ್ರೆಗೆ, ರಕ್ತ ಪರೀಕ್ಷೆಗೆ ಮತ್ತೆ ಡಾಕ್ಟರಮ್ಮನ ಹತ್ತಿರವೇ. ಕಾಲು ಊರಬಾರದು ಅಂದದ್ದಕ್ಕೆ ಮಾಲೀಕ ಕೊಪ್ಪರಿಗೆ ಪಕ್ಕ ಎತ್ತರದ ಕುರ್ಚಿ ಹಾಕಿಸಿದ. ಮೇಸ್ತ್ರಿ ಕಾಲು ಚಾಚಿ ಕೂತು ಪಾಕ ನೋಡುತ್ತಿದ್ದ. ಮಾತ್ರೆ ತಪ್ಪಿಸಲಿಲ್ಲ. ಊಟ ಅಳತೆಯಲ್ಲೇ. ಆದರೂ ಶುಗರ್ ಮೊಂಡು ಕತ್ತೆಯ ಹಾಗೆ ನಿಂತಲ್ಲೇ ನಿಂತಿತ್ತು. ಹೊಲಿಗೆಯ ಅಂಚು ಮತ್ತೆ ಕಪ್ಪಗಾಗತೊಡಗಿತು.

ಡಾಕ್ಟರಮ್ಮನಿಗೆ ರೇಗಿತು. “ಏನಮ್ಮ, ಕದ್ದು ಸಿಹಿ ಕೊಡ್ತೀಯಾ?” ಅಂತ ಹೆಂಡತಿಯನ್ನು ತರಾಟೆಗೆ ತೆಗೆದುಕೊಂಡಳು. ಅವಳು ಅತ್ತೇಬಿಟ್ಟಳು. ಡಾಕ್ಟರಮ್ಮ ಮೇಸ್ತ್ರಿಯ ಕಡೆ ತಿರುಗಿ, “ಕಾರ್ಖಾನೆ ಬಾಗಿಲು ದಾಟಿದಾಗಿಂದ ಏನೇನು ಮಾಡ್ತೀರಿ, ಒಂದೂ ಬಿಡದೆ ಹೇಳಿ” ಅಂದಳು.

ಕಸುಬಿನ ಮಾತು ಬಂದರೆ ಅವನಿಗೆ ಖುಷಿ. ಬೆಂಕಿ, ಕೊಪ್ಪರಿಗೆ, ತಣ್ಣೀರು, ಹಲ್ಲು, ಕಟ್ ಅನ್ನುವ ಸದ್ದು, ಎಲ್ಲ ಕೈ ಆಡಿಸಿ ವಿವರಿಸಿದ.

“ಆ ಚೂರು ಎಲ್ಲಿಗೆ ಹೋಗುತ್ತೆ?”

“ಯಾವ ಚೂರು?”

“ಹಲ್ಲಲ್ಲಿ ಒಡೆದಿರಲ್ಲ, ಅದು.”

“ಒಳಕ್ಕೆ.”

“ದಿನಾ ಎಷ್ಟು ಚೂರು?”

ಮೇಸ್ತ್ರಿ ಬೆರಳು ಮಡಿಸಿ ಎಣಿಸತೊಡಗಿ, ಎರಡು ಕೈಯ ಬೆರಳೂ ಸಾಲದೆ ಬಿಟ್ಟ. “ಅದು ತಿನ್ನೋದಲ್ಲ ಡಾಕ್ಟ್ರಮ್ಮ. ಅದು ನೋಡೋದು.”

“ಹೌದಾ? ಹೊಟ್ಟೆಗೆ ಹೇಳಿದ್ದೀರಾ, ಇದು ನೋಡಿದ್ದು, ತಿಂದದ್ದಲ್ಲ ಅಂತ? ಉಗೀರಿ ಅದನ್ನ!”

“ಛೀ! ತಿನ್ನೋ ಪದಾರ್ಥ ಮಾಡೋ ಜಾಗದಲ್ಲಿ ಉಗೀತಾರಾ? ಮನುಷ್ಯರು ಮಾಡೋ ಕೆಲಸವಾ ಅದು?”

“ಹಾಗಾದ್ರೆ ಬಾಯಿಗೇ ಹಾಕಬೇಡಿ. ಉಗಿಯೋದು ಅಸಹ್ಯ, ಕಾಲು ಕೊಳೆಯೋದು ಶುದ್ಧ, ಅಲ್ವಾ?” ಅಂದಳು ಡಾಕ್ಟರಮ್ಮ. ಕಣ್ಣು ಒರೆಸಿಕೊಳ್ಳುತ್ತಿದ್ದ ಹೆಂಡತಿ ಅಷ್ಟು ದಿನದಲ್ಲಿ ಮೊದಲ ಸಲ ಗಂಡನ ವಿರುದ್ಧ ಬಾಯಿ ಬಿಟ್ಟಳು: “ತನ್ನ ಎಲೇಲಿ ಹೆಗ್ಗಣ ಸತ್ತು ಬಿದ್ದಿದ್ರೂ ಪಕ್ಕದ ಎಲೆಯ ನೊಣ ಹುಡುಕೋರು ಇವರು.”

ಮಾರನೆಯ ದಿನ ಮೊಳೆಯಿಂದ ಗಾಜಿನ ಕಡ್ಡಿ ಇಳಿಯಿತು. ಆದರೂ ಹಲ್ಲು ಕೇಳಬೇಕಲ್ಲ. ಕೊಪ್ಪರಿಗೆ ಇಳಿಸುವ ಮುಂಚೆ ಒಂದೇ ಒಂದು ಚೂರು ಕಡಿದು, ಮುಚ್ಚಳದ ಡಬ್ಬಿಯೊಂದನ್ನು ಹಿಡಿದು ಹಿತ್ತಲಿಗೆ ಕುಂಟಿಕೊಂಡು ಹೋಗಿ, ಗೋಡೆಗೆ ಮುಖ ಮಾಡಿ ಕಣ್ಣು ಮುಚ್ಚಿ ಉಗಿದ. ಬಾಯಿ ಮುಕ್ಕಳಿಸಿ ಮತ್ತೆ ಉಗಿದ. ತನ್ನ ಉಗುಳಿನ ನೂಲು ಗದ್ದಕ್ಕೆ ಅಂಟಿದಾಗ ಅಳು ಬಂತು. ಒಳಗೆ ಎಲ್ಲರೂ ನಗು ತಡೆದುಕೊಂಡು ನಾದುತ್ತಿದ್ದರು. ಬರಬರುತ್ತ ಶುಗರ್ ಇಳಿಯಿತು. ಗಾಯದ ಕಪ್ಪು ಅಲ್ಲೇ ನಿಂತು, ಅಂಚು ಕೆಂಪಗೆ ಕೂಡಿಕೊಂಡಿತು.

ದಿನವೂ ಅಂಗಾಲು ನೋಡಲೇಬೇಕು ಅಂದಿದ್ದಳು ಡಾಕ್ಟರಮ್ಮ. ಕನ್ನಡಿ ಇಟ್ಟುಕೊಂಡು ನೋಡಹೋದರೆ ಮೇಸ್ತ್ರಿಗೆ ಕಣ್ಣು ಮಂಜು, ಮೇಲೆ ಹೇಸಿಗೆಗೆ ಮುಖ ಆಚೆ ತಿರುಗಿಬಿಡುತ್ತಿತ್ತು. ಕನ್ನಡಿ ಬದಿಗಿಟ್ಟು ಹೆಂಡತಿಯೇ ನೆಲದ ಮೇಲೆ ಕೂತು ಕಾಲನ್ನು ತೊಡೆಗೆ ಎಳೆದುಕೊಂಡಳು.

“ಬೇಡ ಕಣೇ. ನಿಂಗೆ ಹೇಸಿಗೆ ಆಗಲ್ವಾ?”

“ಆಗುತ್ತೆ,” ಅಂದಳು.

ಬೆರಳ ಸಂದಿಗಳನ್ನು ಒಂದೊಂದಾಗಿ ಬಿಡಿಸಿ ನೋಡಿ ಒರೆಸಿದಳು. ಬೆರಳಿಲ್ಲದ ಜಾಗ ಒತ್ತಿದಳು. ಆಮೇಲೆ ಬಗ್ಗಿ, ಪಾದದ ಹತ್ತಿರ ಮೂಗು ತಂದು, ಎರಡು ಸಲ ಮೂಸಿದಳು. ಹಾಗೆ ಮೂಸಿದ್ದು ಯಾರು, ಯಾವಾಗ ಅನ್ನುವುದು ಮೇಸ್ತ್ರಿಗೆ ಚೆನ್ನಾಗಿ ನೆನಪಿತ್ತು. ಅವನು ಉಸಿರು ಬಿಗಿಹಿಡಿದು ಕೂತ. ಅವಳಿಗೆ ಆತುರವೇನೂ ಇರಲಿಲ್ಲ.

“ಇವತ್ತು ಇಲಿ ಸತ್ತಿಲ್ಲ,” ಅಂದಳು ಕೊನೆಗೆ, ಒಗೆದ ಕಾಲುಚೀಲ ತೊಡಿಸುತ್ತ.

ಅವನು ಮುಂದಿನ ಕೋಣೆಯಲ್ಲಿದ್ದ ತನ್ನ ಹಾಸಿಗೆಯ ಕಡೆ ನೋಡಿದ. “ಹಾಸಿಗೆ ಈ ಕಡೆ ಹಾಕ್ಕೊಳ್ಳಲಾ ಇವತ್ತು?” ಅಂದ.

“ನಾನಿನ್ನೂ ಸ್ನಾನ ಮಾಡಿಲ್ಲ ರೀ,” ಅಂದಳು ಅವಳು, ಎದ್ದು ಕೈ ತೊಳೆಯಲು ಹೋದಳು.