ಬಾಣಂತಿಗೆ ಮೀನು ನಂಜು

ಈ ಬೆಳಿಗ್ಗೆ ತರಕಾರಿ ಗಾಡಿಯವಳು ಎಂದೂ ಇಲ್ಲದೆ ಒಂದು ಕಟ್ಟು ಸಬ್ಬಸಿಗೆ ಸೊಪ್ಪು ತಂದಿದ್ದಳು. ಚೆನ್ನೈಯಲ್ಲಿ ಈ ಸೊಪ್ಪು ಸಿಗುವುದೇ ಅಪರೂಪ. ಬೇಕೋ ಬೇಡವೋ ಎಂದು ಯೋಚಿಸುವಷ್ಟರಲ್ಲಿ ವಾಸನೆ ಮೂಗಿಗೆ ಬಡಿದು, ಕೈ ತಾನಾಗಿ ಚೀಲ ತೆರೆಯಿತು. ಒಳಗೆ ತಂದು ಬಿಡಿಸುತ್ತ ಕುಳಿತರೆ ಒಂಬತ್ತು ವರ್ಷದ ಮಗ ಮೂಗು ಮುಚ್ಚಿಕೊಂಡು, "ಅಮ್ಮಾ, ಮರುಂದು ವಾಸನೆ" ಎಂದು ಎದ್ದುಹೋದ. ನಾನು ಕನ್ನಡದಲ್ಲಿ ಕೇಳುವುದು, ಅವನು ತಮಿಳಿನಲ್ಲಿ ಉತ್ತರ ಕೊಡುವುದು ನಮ್ಮ ಮನೆಯ ಒಪ್ಪಂದ. ಮದ್ದಿನ ವಾಸನೆ ಅಂದದ್ದೇನೂ ಸುಳ್ಳಲ್ಲ. ಅವನು ಹುಟ್ಟಿದ ಮೇಲೆ ಎರಡು ತಿಂಗಳು ನಾನು ತಿಂದದ್ದೆಲ್ಲ ಮದ್ದೇ.

ಆಗ ನಾವು ರಾಯಪುರಂನಲ್ಲಿ ಒಂದು ಹಳೆಯ ಕಟ್ಟಡದ ಮಹಡಿಯ ಮೇಲಿದ್ದೆವು. ನಮ್ಮವರಿಗೆ ವಿಮಾ ಕಚೇರಿಯಲ್ಲಿ ಕೆಲಸ. ಮೊದಲ ಹೆರಿಗೆ ತವರಿನಲ್ಲಿ ಆಗಬೇಕು ಎಂದು ಮಂಡ್ಯಕ್ಕೆ ಹೋಗಲು ರೈಲಿನ ಟಿಕೆಟ್ಟೂ ಆಗಿತ್ತು. ಆದರೆ ಮಗರಾಯ ಮೂರು ವಾರ ಮೊದಲೇ ಬಂದುಬಿಟ್ಟ. ಮಗಳು ತವರಿಗೆ ಬರಲಾಗದಿದ್ದರೆ ಏನಂತೆ ಎಂದು ತವರೇ ಗಂಟುಮೂಟೆ ಕಟ್ಟಿಕೊಂಡು ಮದ್ರಾಸಿಗೆ ಬಂತು. ಬೆಳ್ಳುಳ್ಳಿ, ಕಾಳುಮೆಣಸು, ಒಣಶುಂಠಿ, ಕೊಬ್ಬರಿ, ಒದ್ದೆಬಟ್ಟೆಯಲ್ಲಿ ಸುತ್ತಿದ ಸಬ್ಬಸಿಗೆ, ಇವೆಲ್ಲದರ ಹಿಂದೆ ನಮ್ಮವ್ವ.

ಮೇ ತಿಂಗಳ ಮದ್ರಾಸಿನಲ್ಲಿ ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು, ಕಿವಿಗೆ ಹತ್ತಿ ತುರುಕಿಕೊಂಡು, ಫ್ಯಾನು ಹಾಕದೆ ಕೂತವರನ್ನು ನೀವು ನೋಡಿದ್ದೀರೋ ಇಲ್ಲವೋ. ನಾನು ಹಾಗೆ ಕೂತಿದ್ದೆ. ಹುಳಿ ಇಲ್ಲ, ಬದನೆಕಾಯಿ ಇಲ್ಲ, ನೀರನ್ನು ಕೂಡ ಅವ್ವ ಕುದಿಸಿ ಆರಿಸಿ ಅಳೆದು ಕೊಡುತ್ತಿದ್ದಳು. ತಾಯಿಮಗುವಿಗೆ ದಿನಾ ಹಂಡೆಗಟ್ಟಲೆ ಬಿಸಿನೀರಿನ ಸ್ನಾನ ಆಗಲೇಬೇಕು. ನೀರು ಬರುವುದೋ ಲಾರಿಯಲ್ಲಿ. ನಮ್ಮವರು ಪ್ಲಾಸ್ಟಿಕ್ ಕೊಡ ಹೊತ್ತು ಮಹಡಿ ಹತ್ತಿ ಹತ್ತಿ, ಬಸ್ಸಿನಲ್ಲಿ ನಿಂತೇ ನಿದ್ದೆ ಹೋಗಿ, ಕಚೇರಿ ದಾಟಿ ಎರಡು ನಿಲ್ದಾಣ ಮುಂದೆ ಇಳಿಯುತ್ತಿದ್ದರು. ನನ್ನ ಸ್ಥಿತಿಯೂ ಅಷ್ಟೆ. ಒಂದು ದಿನ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡೇ "ಮಗು ಎಲ್ಲಿ" ಎಂದು ಅವ್ವನನ್ನು ಕೇಳಿದ್ದೆ.

ಈ ದಣಿವಿನ ನಡುವೆ ನನ್ನ ನಾಲಿಗೆಯೂ ಯಾರದೋ ನಾಲಿಗೆಯಾಗಿ ಹೋಯಿತು. ಕಾಫಿ ಇಲ್ಲದೆ ಕಣ್ಣು ಬಿಡದ ನನಗೆ ಕಾಫಿ ಕುದಿಯುವ ವಾಸನೆ ಬಂದರೆ ಹೊಟ್ಟೆ ತೊಳಸುತ್ತಿತ್ತು. ಆದರೆ ಕಾಸಿಮೇಡಿನ ಮೀನುಬಂದರಿನ ಕಡೆಯಿಂದ ಗಾಳಿ ಬೀಸಿದರೆ, ಮದುವೆಯಾಗಿ ಬಂದಾಗಿನಿಂದ ಯಾವ ಮೀನಿನ ವಾಸನೆಗೆ ಕಿಟಕಿ ಹಾಕಿ ಕೂರುತ್ತಿದ್ದೆನೋ, ಆ ವಾಸನೆಗೆ ಬಾಯಲ್ಲಿ ನೀರೂರುತ್ತಿತ್ತು. ನಾವು ಕೋಳಿ, ಕುರಿ ತಿನ್ನುವ ಜನವೇ. ಆದರೆ ಸಮುದ್ರದ ಮೀನು ನಮ್ಮ ಬಾಯಿಗೆ ಹತ್ತಿದ್ದಲ್ಲ. ಅದೂ ಅಲ್ಲದೆ ಬಾಣಂತಿಗೆ ಮೀನು ನಂಜು ಎಂಬುದು ಅವ್ವನ ಶಾಸ್ತ್ರದಲ್ಲಿ ಮೊದಲನೆಯ ಸಾಲು.

ಕೆಳಗಿನ ಮನೆಯ ಸೆಲ್ವಿಯಕ್ಕನ ಶಾಸ್ತ್ರ ಇದಕ್ಕೆ ತಿರುಗುಮುರುಗು. ಅವರು ಬೆಳಗಾಗುವ ಮೊದಲೇ ಕಾಸಿಮೇಡಿನ ಹರಾಜಿಗೆ ಹೋಗಿ ಮೀನು ತಂದು, ಬುಟ್ಟಿಯಲ್ಲಿ ಹೊತ್ತು ಬೀದಿ ಬೀದಿ ಮಾರುವವರು. ಹೆತ್ತವಳಿಗೆ ಸುರಾ ಪುಟ್ಟು ಕೊಡದ ಮನೆಯೂ ಮನೆಯೇ ಎನ್ನುತ್ತಿದ್ದರು. ಸುರಾ ಅಂದರೆ ಶಾರ್ಕ್ ಜಾತಿಯ ಮೀನು. ಅದನ್ನು ಬೇಯಿಸಿ, ಉದುರುದುರಾಗಿ ಪುಡಿ ಮಾಡಿ, ಈರುಳ್ಳಿ ಬೆಳ್ಳುಳ್ಳಿ ಮೆಣಸು ಹಾಕಿ ಹುರಿದರೆ ಪುಟ್ಟು. ಒಂದು ದಿನ ಸ್ಟೀಲಿನ ಡಬ್ಬಿಯಲ್ಲಿ ಅದನ್ನು ತಂದು, "ಸಾಪ್ಡು ಮಾ, ಪಾಲ್ ಊರುಂ" ಎಂದು ನನ್ನ ಮುಂದಿಟ್ಟರು. ತಿಂದರೆ ಹಾಲು ಬರುತ್ತದೆ ಎಂಬುದು ತಮಿಳು ಬಾರದ ಅವ್ವನಿಗೂ ತಿಳಿಯಿತು. ಅವ್ವ ನಗುನಗುತ್ತ ಡಬ್ಬಿ ತೆಗೆದುಕೊಂಡಳು. ಆಕೆ ಇಳಿದು ಹೋದ ಮೇಲೆ ಅದಷ್ಟನ್ನೂ ತಾರಸಿಯ ಬೆಕ್ಕಿಗೆ ಸುರಿದಳು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬುದು ಅವಳ ಲೆಕ್ಕಾಚಾರ. ಆದರೆ ಕೊಟ್ಟ ಪಾತ್ರೆಯನ್ನು ಬರಿದಾಗಿ ಹಿಂತಿರುಗಿಸುವುದುಂಟೇ? ಡಬ್ಬಿ ತೊಳೆದು ನಾಲ್ಕು ತಂಬಿಟ್ಟಿನ ಉಂಡೆ ಇಟ್ಟು ಕಳಿಸಿದಳು. ಪುಟ್ಟು ಅಷ್ಟು ಹಿಡಿಸಿತು ಎಂದುಕೊಂಡು ಸೆಲ್ವಿಯಕ್ಕ ಎರಡು ದಿನಕ್ಕೇ ಮತ್ತೆ ತಂದರು. ಮತ್ತೆ ತಂಬಿಟ್ಟು ಇಳಿಯಿತು, ಮತ್ತೆ ಪುಟ್ಟು ಹತ್ತಿತು. ನಿಜವಾದ ಬಾಣಂತನ ನಡೆಯುತ್ತಿದ್ದದ್ದು ಆ ಬೆಕ್ಕಿಗೆ. ಅದು ಮೈಕೈ ತುಂಬಿಕೊಂಡು ಮೆಟ್ಟಿಲ ಮೇಲೆ ಒರಗಿರುತ್ತಿತ್ತು.

ನನ್ನ ಮಗು ಮಾತ್ರ ತುಂಬಿಕೊಳ್ಳಲಿಲ್ಲ. ತಿಂಗಳಾದಾಗ ತೂಗಿದ ಡಾಕ್ಟರಮ್ಮ ಮುಖ ಸಣ್ಣಗೆ ಮಾಡಿ, ಇನ್ನು ಹದಿನೈದು ದಿನ ನೋಡೋಣ, ತೂಕ ಏರದಿದ್ದರೆ ಡಬ್ಬಿ ಹಾಲಿನ ಪುಡಿ ಶುರುಮಾಡಿ ಎಂದರು. ನನಗಿಂತ ಅವ್ವನಿಗೆ ಅದು ಹೆಚ್ಚು ತಾಗಿತು. ಊರಿನಲ್ಲಿ ಯಾರ ಮನೆಯ ಬಾಣಂತನವಾದರೂ ಅವಳನ್ನು ಕೇಳಿಯೇ ಆಗುತ್ತಿದ್ದದ್ದು. ಅಂಥವಳ ಸ್ವಂತ ಮಗಳಿಗೆ ಹಾಲಿಲ್ಲ ಎಂದರೆ! ಮರುದಿನದಿಂದ ಬೆಳ್ಳುಳ್ಳಿ ಎರಡರಷ್ಟಾಯಿತು. ಮಧ್ಯಾಹ್ನದ ಒಂದು ಗಳಿಗೆಯ ನಿದ್ದೆಯನ್ನೂ ಅವಳು ಬಿಟ್ಟಳು.

ಆ ಹದಿನೈದು ದಿನಗಳಲ್ಲಿ ನಾನು ಕಳ್ಳಿಯಾದೆ. ಪುಟ್ಟಿನ ಡಬ್ಬಿ ಅಡುಗೆಮನೆಯ ಮೂಲೆಯಲ್ಲಿ ಬೆಕ್ಕಿಗಾಗಿ ಕಾದಿರುತ್ತಿತ್ತು. ಅವ್ವ ಮಗುವಿನ ಬಟ್ಟೆ ಒಣಹಾಕಲು ತಾರಸಿಗೆ ಹತ್ತಿದ ಕೂಡಲೇ ನಾನು ಮುಕ್ಕುತ್ತಿದ್ದೆ, ಬೆಕ್ಕಿಗೆ ಅನುಮಾನ ಬಾರದಷ್ಟು ಉಳಿಸಿ. ಹಾಲು ಬರಲೆಂದು ತಿಂದೆ ಎಂದರೆ ಅರ್ಧ ಸುಳ್ಳು. ಬಾಯಿಗೆ ಏನೋ ರುಚಿ ಅನ್ನಿಸಿದ್ದು ಅದೊಂದೇ. ಆ ವಾರದಲ್ಲೇ ಇನ್ನೊಂದು ನಡೆಯಿತು. ಸಪ್ಪೆ ಅನ್ನದ ಮುಂದೆ ನಾನು ಅಳುವುದನ್ನು ನೋಡಲಾರದೆ ಅವ್ವ ಒಂದೇ ಒಂದು ಹೋಳು ನಿಂಬೆ ಉಪ್ಪಿನಕಾಯಿ ಕೊಟ್ಟಳು. ಅಷ್ಟು ದಿನಗಳಲ್ಲಿ ಅವಳು ಸಡಿಲಿಸಿದ ನಿಯಮ ಅದೊಂದು.

ಮರುದಿನ ಮಗುವಿಗೆ ಭೇದಿ ಹತ್ತಿತು. ಹಸಿರು ಹಸಿರಾಗಿ ಆಗುತ್ತಿತ್ತು, ಅತ್ತು ಅತ್ತು ದನಿ ಕುಂದಿತು. ಡಾಕ್ಟರಮ್ಮ ನೋಡಿ ಎಳೆಮಕ್ಕಳಿಗೆ ಇದೆಲ್ಲ ಇದ್ದದ್ದೇ, ತಾಯಿ ತಿಂದದ್ದರಿಂದ ಆದದ್ದೇನಲ್ಲ ಎಂದರು. ಅವ್ವ ಕೇಳಿಸಿಕೊಳ್ಳಲಿಲ್ಲ. ಮನೆಗೆ ಬಂದು ಬಾಗಿಲ ಬಳಿ ಕುಸಿದು ಕೂತಳು.

"ಹುಳಿ ಅಂತ ಗೊತ್ತಿದ್ದೂ ಕೈಯಾರ ಕೊಟ್ನಲ್ಲ ಮಗ," ಎಂದಳು. "ಕೂಸು ಸಾಯೋ ಹಂಗಾಯ್ತು ನನ್ನಿಂದ."

ನೀವಾಗಿದ್ದರೆ ಹೇಳುತ್ತಿದ್ದಿರಿ. ನನಗೂ ಬಾಯಿ ತುದಿಗೆ ಬಂದಿತ್ತು. ಒಂದು ಹೋಳು ಉಪ್ಪಿನಕಾಯಿಯ ಪಕ್ಕದಲ್ಲಿ ಅರ್ಧ ಡಬ್ಬಿ ಮೀನು ನನ್ನ ಹೊಟ್ಟೆಯಲ್ಲಿದೆ ಎಂದು ಹೇಳಿದ್ದರೆ ಅವಳು ಬೈಯುತ್ತಿದ್ದಳು, ಸೆಲ್ವಿಯಕ್ಕನ ಮೇಲೂ ಹರಿಹಾಯುತ್ತಿದ್ದಳು, ಆದರೆ ತನ್ನ ಕೈಯನ್ನು ಶಪಿಸುತ್ತಿರಲಿಲ್ಲ. ನಾನು ಹೇಳಲಿಲ್ಲ. ಅಷ್ಟು ಸುಸ್ತಾಗಿತ್ತು, ಒಂದು ಜಗಳ ತಾಳುವ ಶಕ್ತಿಯೂ ಉಳಿದಿರಲಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಹೆದರಿದ್ದೆ ಎಂಬುದೇ ಸರಿಯಾದ ಮಾತು.

ಮೂರು ದಿನಕ್ಕೆ ಮಗು ಸುಧಾರಿಸಿಕೊಂಡ. ಹದಿನೈದನೆಯ ದಿನ ತೂಕವೂ ಏರಿತ್ತು, ಹಾಲಿನ ಪುಡಿಯ ಮಾತು ಅಲ್ಲಿಗೇ ನಿಂತಿತು. ಅದು ಬೆಳ್ಳುಳ್ಳಿಯಿಂದಲೋ ಸುರಾದಿಂದಲೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನೂ ನಮ್ಮವರೂ ಕುಣಿದಾಡಿದೆವು. ಅವ್ವ ಮಾತ್ರ ಮಗುವಿನ ಕಾಲು ಹಿಡಿದು ಕಣ್ಣಿಗೊತ್ತಿಕೊಂಡಳು. ಊರಿಗೆ ಹೋದ ಮೇಲೆ ಯಾರ ಮನೆಯ ಬಾಣಂತನಕ್ಕೂ ಬಾಯಿ ಹಾಕಲಿಲ್ಲ. ಐದು ವರ್ಷದ ಕೆಳಗೆ ನನ್ನ ತಂಗಿಗೆ ಚೊಚ್ಚಲಾದಾಗ, ನನ್ನ ಕೈಗುಣ ಸರಿಯಿಲ್ಲ, ಅವಳತ್ತೆಯೇ ನೋಡಿಕೊಳ್ಳಲಿ ಎಂದುಬಿಟ್ಟಳು. ಅಕ್ಕನಿಗಾದರೆ ಮದ್ರಾಸಿನವರೆಗೂ ಹೋದಳು, ನನಗೆ ತುಮಕೂರಿಗೂ ಬರಲಿಲ್ಲ ಎಂಬ ನೋವು ತಂಗಿಗೆ ಹೋಗಲೇ ಇಲ್ಲ. ನಿನ್ನೆ ಫೋನು ಮಾಡಿದ್ದಳು. ಎರಡನೆಯದಕ್ಕೆ ದಿನ ತುಂಬಿದೆ, ಈಗ ಅತ್ತೆಯೂ ಇಲ್ಲ, ಅವ್ವ ಈ ಸಲವೂ ಒಲ್ಲೆ ಅಂತಿದ್ದಾಳೆ ಎಂದು ಅತ್ತಳು.

ಸೊಪ್ಪು ಬಿಡಿಸುವುದನ್ನು ಅರ್ಧಕ್ಕೇ ಬಿಟ್ಟು ಅವ್ವನಿಗೆ ಫೋನು ಮಾಡಿದೆ. ಸುತ್ತಿಬಳಸದೆ ಎಲ್ಲ ಹೇಳಿದೆ. ಡಬ್ಬಿ, ಬೆಕ್ಕು, ತಾರಸಿ, ಅವಳು ಬಟ್ಟೆ ಒಣಹಾಕುತ್ತಿದ್ದಾಗ ನಾನು ತಿಂದದ್ದು.

"ಒಂಬತ್ತು ವರ್ಸ ಕಣೇ," ಎಂದಳು ಅವ್ವ. "ಒಂಬತ್ತು ವರ್ಸ ಈ ಕೈನ ನಾನೇ ಬೈಕೊಂಡಿದೀನಿ."

ಡಾಕ್ಟರಮ್ಮ ಅಂದಿದ್ದನ್ನು ನೆನಪಿಸಲು ಹೋದೆ, ಅದು ಯಾರಿಂದಲೂ ಆದದ್ದಲ್ಲ ಅವ್ವ ಎಂದೆ. ಅವಳು ಫೋನು ಇಟ್ಟುಬಿಟ್ಟಳು. ಮೊಮ್ಮಗ ಏನು ಮಾಡ್ತಾವನೆ ಎಂದು ಕೇಳದೆ ಅವಳು ಫೋನು ಇಟ್ಟದ್ದು ಇದೇ ಮೊದಲು.

ಸಂಜೆ ತಂಗಿ ಫೋನು ಮಾಡಿದಳು. ಅವ್ವ ನಾಳಿದ್ದು ತುಮಕೂರಿನ ಬಸ್ಸು ಹತ್ತುತ್ತಾಳಂತೆ. ಹಳೆಯ ಮೆತ್ತನೆ ಸೀರೆಗಳನ್ನೆಲ್ಲ ಒಗೆದು ಎತ್ತಿಡು ಎಂದಳಂತೆ. ನಿನ್ನ ವಿಷಯ ತೆಗೆದರೆ ಮಾತು ಹಾರಿಸುತ್ತಾಳಲ್ಲ, ಏನಾಯಿತಕ್ಕ ಎಂದು ಕೇಳಿದಳು. ಆಮೇಲೆ ಹೇಳುತ್ತೇನೆ ಎಂದೆ. ಅವ್ವನಿಗೆ ನನ್ನ ಮೇಲೆ ಕೋಪ ಬಂದಿದೆ, ಅದು ಬೇಗ ಇಳಿಯುವ ಕೋಪವೂ ಅಲ್ಲ. ಇರಲಿ. ಬೈಯಲು ಅವಳಿಗೆ ಈಗ ನಾನು ಸಿಕ್ಕಿದ್ದೇನೆ. ಒಂಬತ್ತು ವರ್ಷ ಅವಳ ಕೈಗೆ ಸಿಕ್ಕಿದ್ದು ಅವಳೊಬ್ಬಳೇ.